ನನ್ನದು ನೀನು ಕೇಳು

ಇಸ್ತ್ರಿ ಅಂಗಡಿಯ ಇಬ್ಬರು ಓರಗಿತ್ತಿಯರ ನಡುವೆ ಒಂದು ಒಪ್ಪಂದವಿತ್ತು. ದೇವರ ಹತ್ತಿರ ತನಗಾಗಿ ತಾನೇ ಕೇಳುವ ಹಾಗಿಲ್ಲ. ಹಿರಿಯವಳದ್ದನ್ನು ಕಿರಿಯವಳು ಕೇಳಬೇಕು, ಕಿರಿಯವಳದ್ದನ್ನು ಹಿರಿಯವಳು. ಇದು ಕಿರಿಯವಳ ತಲೆಯಿಂದ ಹೊರಟ ಉಪಾಯ.

"ನೋಡಕ್ಕಾ, ಅತ್ತೆ ಹತ್ರ ನಂಗೆ ಚಪ್ಪಲಿ ಕೊಡ್ಸಿ ಅಂದ್ರೆ ಮುಖ ಸಿಂಡರಿಸ್ತಿದ್ರು. ಅಕ್ಕಂಗೆ ಕೊಡ್ಸಿ ಅಂದ್ರೆ ಇಬ್ರಿಗೂ ತರ್ತಿದ್ರು. ದೇವರೂ ಅಷ್ಟೇ."

"ದೇವರೂ ಅತ್ತೆ ಥರ ಅಂದ್ರೆ ಮುಗೀತು ನಮ್ಮ ಕಥೆ!" ಎಂದು ಹಿರಿಯವಳು ಅಂಗಿಗೆ ನೀರು ಚಿಮುಕಿಸುತ್ತ ನಕ್ಕಿದ್ದಳು. ನಗುತ್ತಲೇ ಒಪ್ಪಿಕೊಂಡಿದ್ದಳು. ಕೇಳಿದ್ದು ಆಗದಿದ್ದರೆ, "ನೀನು ಸರಿಯಾಗಿ ಕೇಳಿಲ್ಲ ಬಿಡು" ಎಂದು ಒಬ್ಬಳನ್ನೊಬ್ಬಳು ಛೇಡಿಸುತ್ತಿದ್ದರು.

ಆ ಮಧ್ಯಾಹ್ನ ಎದುರಿನ ಸೈಕಲ್ ಅಂಗಡಿಯವನು ಓಡಿಬಂದ. "ಅಮ್ಮಾ, ನಿಮ್ಮೋರು ಕೆಲಸ ಮಾಡೋ ಕಟ್ಟಡದಲ್ಲಿ ಗಾರೆಯೋರು ನಿಲ್ಲೋ ಸಾರುವೆ ಕುಸಿದಿದ್ಯಂತೆ. ಅಣ್ಣತಮ್ಮ ಇಬ್ರೇ ಮೇಲಿದ್ದಿದ್ದು. ಒಬ್ರು ಹೋಗ್ಬಿಟ್ರಂತೆ. ಯಾರು ಅಂತ ಗೊತ್ತಿಲ್ಲ."

ಹಿರಿಯವಳ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ನಿಂತುಬಿಟ್ಟಿತು. ದೇವರೇ, ನನ್ನವರಾಗಿರಬಾರದು. ನನ್ನವರಾಗಿರಬಾರದು. ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ತಾನು ಕೇಳುತ್ತಿರುವುದೇನು ಎಂದು ಹೊಳೆದು ಅವಳು ಬೆಚ್ಚಿಬಿದ್ದಳು. ತನ್ನವನಲ್ಲ ಎಂದರೆ ಮತ್ಯಾರು? ಪಕ್ಕದ ಮೇಜಿನಲ್ಲಿದ್ದ ಕಿರಿಯವಳತ್ತ ಕತ್ತು ತಿರುಗಿಸಲು ಧೈರ್ಯ ಬರಲಿಲ್ಲ.

ಇಬ್ಬರೂ ಬರಿಗಾಲಲ್ಲಿ ಬೀದಿಗಿಳಿಯುವಷ್ಟರಲ್ಲಿ ತಿರುವಿನಲ್ಲೊಬ್ಬ ಕಾಣಿಸಿದ. ಮೈತುಂಬ ಸಿಮೆಂಟು. ಅಣ್ಣನೋ ತಮ್ಮನೋ ಗುರುತೇ ಸಿಗಲಿಲ್ಲ. ಹತ್ತಿರ ಬಂದವನು ಹಿರಿಯವಳ ಗಂಡ. ತಮ್ಮನ ಹೆಂಡತಿಯ ಮುಖ ನೋಡಲಾರದೆ, "ಕೈ ಹಿಡ್ಕೊಂಡಿದ್ದೆ… ಜಾರಿಹೋಯ್ತು" ಎಂದಷ್ಟೇ ಹೇಳಿ, ಶವ ಸಾಗಿಸಿದ್ದ ಆಸ್ಪತ್ರೆಗೆ ಹೋಗಲು ಗಾಡಿ ಹುಡುಕುತ್ತ ನಡೆದ.

ಕಿರಿಯವಳು ಅಳಲಿಲ್ಲ. ಒಳಗೆ ಬಂದು ಬಟ್ಟೆಗಂಟುಗಳ ನಡುವೆ ಕುಕ್ಕರಿಸಿದಳು. ಹಿರಿಯವಳು ಪಕ್ಕದಲ್ಲಿ ಕೂತು ಕಾದಳು. 'ನನ್ನೋರಿಗಾಗಿ ನೀನು ಕೇಳ್ಕೊಂಡೆ ತಾನೇ ಅಕ್ಕಾ?' ಅಂತ ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ.

"ಅಕ್ಕಾ, ನಾನು ಮೋಸ ಮಾಡ್ಬಿಟ್ಟೆ," ಎಂದಳು ಕಿರಿಯವಳು. "ಭಾವಂಗೋಸ್ಕರ ಕೇಳ್ಬೇಕಿತ್ತು. ಬಾಯಿಗೆ ಬರ್ಲೇ ಇಲ್ಲ. ನನ್ನೋರಿಗೇ ಕೇಳ್ದೆ. ಅದಕ್ಕೇ ದೇವರು ಕಿತ್ಕೊಂಡ. ನಾನೇ ಕೊಂದೆ."

ಹಿರಿಯವಳು ತಟ್ಟನೆ ಅವಳತ್ತ ತಿರುಗಿದಳು. ಇಬ್ಬರೂ ಒಂದೇ ಗಳಿಗೆಯಲ್ಲಿ ಒಂದೇ ಮಾತು ಕೇಳಿದ್ದರು! ತಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಇವಳು ಸಾಯುವತನಕ ಇದನ್ನು ಹೊರುತ್ತಾಳೆ. ಹೇಳಿದರೆ ಮತ್ತೆಂದಾದರೂ ತನ್ನನ್ನು ಅಕ್ಕ ಅನ್ನುತ್ತಾಳೋ ಇಲ್ಲವೋ.

ಎದ್ದು ಹೋಗಿ ಸುಟ್ಟ ಅಂಗಿ ತಂದು ಅವಳ ಮಡಿಲಿಗೆ ಹಾಕಿದಳು.

"ನೋಡೇ ಇದನ್ನ. ಇಷ್ಟು ಸುಡೋ ತನಕ ನಾನೂ ನನ್ನೋರಿಗೇ ಕೇಳ್ತಾ ನಿಂತಿದ್ದೆ. ನಿನ್ನೋನ ನೆನಪೇ ಬರ್ಲಿಲ್ಲ ನಂಗೆ. ಅದಕ್ಕೇ ಕಿತ್ಕೊಳ್ಳೋದಾಗಿದ್ರೆ ನನ್ನಿಂದ್ಲೂ ಕಿತ್ಕೋಬೇಕಿತ್ತಲ್ಲೇ!"

ಕಿರಿಯವಳು ಕಂದುಗುರುತಿನ ಮೇಲೆ ಬೆರಳಾಡಿಸಿದಳು. ಬಟ್ಟೆ ಪುಡಿಯಾಗಿ ಬೆರಳು ಆಚೆ ತೂರಿತು. ಆಗ ಬಾಯಿಬಿಟ್ಟು ಅತ್ತಳು. ಭುಜದ ಮೇಲಿದ್ದ ಹಿರಿಯವಳ ಕೈಯನ್ನು ಹಿಡಿಯಲಿಲ್ಲ. ತಳ್ಳಲೂ ಇಲ್ಲ.