ಗೋಡೆ ನೆಕ್ಕಿದ ಓವರ್ಸಿಯರ್

೧

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟು ಮಳೆಯಿಂದ ಶುರುವಾಗಿತ್ತು, ಹರಿದು ಹಾಕಿದೆ. (ಕುಮಟೆಯ ಬಗ್ಗೆ ಬರೆಯುವವರಿಗೆಲ್ಲ ಮಳೆ ಪುಕ್ಕಟೆ ಸಿಗುತ್ತದೆ.) ಅಲ್ಲದೆ ಇದು ನಡೆದದ್ದು ೧೯೬೧ರ ಫೆಬ್ರವರಿಯಲ್ಲಿ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಆದರೂ ಪರಮೇಶ್ವರಿಯ ಮನೆಯ ಗೋಡೆ ಒದ್ದೆಯಾಗಿತ್ತು.

ಎರಡನೆಯ ಡ್ರಾಫ್ಟು, 'ಪರಮೇಶ್ವರಿ ಒಬ್ಬ ನೊಂದ ಹೆಣ್ಣು' ಎಂದು ಶುರುವಾಗಿತ್ತು. ಆಕೆ ಒಪ್ಪಲಿಲ್ಲ.

"ಹಾಳಾದ್ದು ಗೋಡೆ, ನಾನಲ್ಲ. ಮೊದ್ಲು ಅದ್ನ ಬರಿ."

ಆತು. ಗೋಡೆ.

೨

ಕುಮಟೆ ಪೇಟೆಯ ಅಂಚಿನಲ್ಲಿ ಮೂರು ವರ್ಷದ ಹಿಂದೆ ಕಟ್ಟಿದ ಚಿರೆಕಲ್ಲಿನ ಮನೆ. ಕಟ್ಟಿಸಿದವನು ಪರಮೇಶ್ವರಿಯ ಗಂಡ ಮಾಬ್ಲೇಶ್ವರ, ಕೋರ್ಟಿನ ಗುಮಾಸ್ತ. ಎಷ್ಟು ಸಲ ಸುಣ್ಣ ಹೊಡೆದರೂ ಹಪ್ಪಳದಂತೆ ಎದ್ದು ಬರುತ್ತಿತ್ತು. ಕಪಾಟಿನ ಹಿಂದೆ ಬೂಷ್ಟು, ಪೆಟ್ಟಿಗೆಯೊಳಗಿನ ಸೀರೆಗಳ ಮೇಲೆ ಕಪ್ಪು ಚುಕ್ಕಿ. ಎಂಟು ವರ್ಷದ ಮಗಳು ಶ್ರೀಮತಿಗೆ ಬಿಡದ ಕೆಮ್ಮು.

ಹಿತ್ತಿಲಲ್ಲಿ ಸಣ್ಣಮ್ಮ ಮತ್ತು ಅವಳ ಗಂಡ ಶುಕ್ರನ ಗುಡಿಸಲಿತ್ತು. ಬಸಳೆ, ಗೆಣಸು ಬೆಳೆದು ಪೇಟೆಗೆ ಹೊರುವ ಜನ. ಈ ಮನೆಗೆ ಪಾಯ ತೋಡುವ ಮೊದಲೇ ಅಲ್ಲಿದ್ದವರು. ಅವರ ಬಚ್ಚಲು ಗೋಡೆಯಿಂದ ನಾಲ್ಕು ಮಾರು ದೂರ.

ಗಾರೆಯವನು ಬಂದು ನೋಡಿ, ಆ ಬಚ್ಚಲ ನೀರೇ ಗೋಡೆಗೆ ಏರುತ್ತಿದೆ ಎಂದ. (ಹೊಸ ಗಾರೆ ಮಾಡುವ ಕೆಲಸ ಅವನಿಗೇ ಸಿಗುವುದಿತ್ತು. ಇದನ್ನು ನೀವೇ ಊಹಿಸುವಂತೆ ಬರೆಯಬೇಕಿತ್ತು, ಬಾಯಿ ತಡೆಯಲಿಲ್ಲ.) ಮಾಬ್ಲೇಶ್ವರ ಅದೇ ಸಂಜೆ ಶುಕ್ರನನ್ನು ಕರೆದು, ಯುಗಾದಿಯೊಳಗೆ ಜಾಗ ಬಿಡಬೇಕೆಂದ.

ಮರುದಿನ ಸಣ್ಣಮ್ಮ ಬುಟ್ಟಿ ಇಳಿಸಿ ಪರಮೇಶ್ವರಿಯನ್ನು ನೇರವಾಗಿ ಕೇಳಿದಳು. "ಅಮ್ಮಾ, ನಾ ಮೀಯುದು ಎರಡು ಚೊಂಬು ನೀರು. ಅಷ್ಟಕ್ಕೇ ನಿಮ್ಮ ಗೋಡೆ ಕುಡ್ದು ಅಮಲೇರ್ತದ್ಯಾ?"

ಪರಮೇಶ್ವರಿಗೆ ನಗು ಬಂತು. ನಕ್ಕ ಮೇಲೆ ನಾಚಿಕೆಯಾಯಿತು. ಅಂದೇ ಗಂಡನಿಗೆ ಹೇಳದೆ ಹೊನ್ನಾವರಕ್ಕೆ ಒಂದು ಕಾರ್ಡು ಬರೆದಳು.

೩

ಕಾರ್ಡು ತಲುಪಿದ್ದು ಹರಿಹರ ಶಾನಭಾಗರಿಗೆ. ಮುಂಬೈ ಸರಕಾರದ ಕಾಲದಲ್ಲಿ ಕಟ್ಟಡ ಕೆಲಸಗಳ ಓವರ್ಸಿಯರ್, ಈಗ ನಿವೃತ್ತರು. ನಾನು ಅವರಿಗೆ ದೊಡ್ಡ ಮೀಸೆ ಇಟ್ಟಿದ್ದೆ.

"ಮೀಸೆ ಎಂತಕ್ಕೆ? ಗೋಡೆ ನೋಡೂಕೆ ಕಣ್ಣು ಸಾಕು," ಎಂದರು. ತೆಗೆದೆ.

ಭಾನುವಾರ ಬೆಳಗಿನ ಬಸ್ಸಿಗೆ ಬಂದವರು ಜಗಲಿಯಲ್ಲೇ ನಿಂತು ಷರತ್ತು ಹೇಳಿದರು. "ನಾ ಗಾರೆ ಕೆಲ್ಸ ಮಾಡುದಿಲ್ಲ, ಮಾಡ್ಸುದೂ ಇಲ್ಲ. ಸಿಮೆಂಟು ಮಾರುದಿಲ್ಲ. ನೋಡ್ತೆ, ಕಂಡದ್ದು ಬರ್ದು ಕೊಡ್ತೆ. ಕರೆಸಿದ್ದು ಯಾರು?"

"ಯಾರೂ ಕರೆಸಿದ್ದಿಲ್ಲೆ," ಎಂದ ಮಾಬ್ಲೇಶ್ವರ.

"ನಾನು," ಎಂದಳು ಪರಮೇಶ್ವರಿ.

ಶಾನಭಾಗರು ಸಣ್ಣಮ್ಮನ ಬಚ್ಚಲಲ್ಲಿ ಬಟ್ಟೆಗೆ ಹಾಕುವ ನೀಲಿ ಕರಗಿಸಿ ನಾಲ್ಕು ಕೊಡ ನೀರು ಸುರಿಸಿದರು. ಎರಡು ತಾಸು ಕಾದರು. ನೀಲಿ ಇಳಿಜಾರು ಹಿಡಿದು ಬಸಳೆಯ ಬುಡಕ್ಕೆ ಹೋಯಿತು. ಗೋಡೆಯ ಬುಡ ತೋಡಿಸಿದರು; ಅಲ್ಲಿ ಮಣ್ಣು ಒಣಗಿತ್ತು. ಅತಿ ಹೆಚ್ಚು ಒದ್ದೆಯಿದ್ದದ್ದು ರಸ್ತೆ ಕಡೆಯ ಗೋಡೆ, ಬಚ್ಚಲಿಗೆ ಬೆನ್ನು ಹಾಕಿದ್ದು.

ಆಮೇಲೆ ಗೋಡೆಯ ಮೇಲಿನ ಬಿಳಿ ಹುಡಿಯನ್ನು ಮೊಳೆಯಿಂದ ಕೆರೆದು, ನಾಲಿಗೆಗೆ ಇಟ್ಟುಕೊಂಡರು. ಅಂಗೈ ಚಾಚಿ ಪರಮೇಶ್ವರಿಗೂ ಕೊಟ್ಟರು. ಅವಳು ನೆಕ್ಕಿದಳು. ಉಪ್ಪು. ಮಾಬ್ಲೇಶ್ವರ ಮುಖ ತಿರುಗಿಸಿದ.

"ಮರಳು ಎಲ್ಲಿದು?"

"ಹೊಳೆದು," ಎಂದ ಮಾಬ್ಲೇಶ್ವರ.

ಶಾನಭಾಗರು ಗಾರೆಯನ್ನು ಇನ್ನಷ್ಟು ಕೆದಕಿ ಉಗುರಿನಷ್ಟು ಚಿಪ್ಪೊಂದನ್ನು ಹೊರತೆಗೆದರು. "ಇದು ಬಳಚು, ಉಪ್ಪುನೀರಿನ ಚಿಪ್ಪಿ. ಹೊಳೆಯ ಮೇಲಿನ ಸಿಹಿನೀರಲ್ಲಿ ಆಗುದಿಲ್ಲ. ಅಘನಾಶಿನಿ ಸಮುದ್ರ ಸೇರೂ ಜಾಗದ ಮರಳು, ತೊಳೆಯದೇ ಹಾಕಿದ್ದು. ಉಪ್ಪು ಗೋಡೆ ಒಳಗೇ ಕೂತ್ಕಂಡು ಗಾಳಿಂದ ನೀರು ಎಳೀತದೆ."

ಪರಮೇಶ್ವರಿಗೆ ಎಲ್ಲ ನೆನಪಾಯಿತು. ದೋಣಿಯಿಂದ ಮರಳು ಇಳಿದ ದಿನ ಮನೆ ಕಟ್ಟುತ್ತಿದ್ದ ಮೇಸ್ತ್ರಿ, ಒಂದು ಮಳೆಗಾಲ ತೊಳೆಯಲು ಬಿಡಿ ಎಂದಿದ್ದ. ಮುಹೂರ್ತ ಕಾಯುವುದಿಲ್ಲ ಎಂದು ಗಂಡ ಬೈದಿದ್ದ. ಇಷ್ಟನ್ನು ಅವಳು ಶಾನಭಾಗರಿಗೆ ಹೇಳಿದಳು. ಕತಗಾಲದ ಕೂಡು ಕುಟುಂಬದಿಂದ ಬೇಗ ಬಿಡುಗಡೆಯಾಗಲೆಂದು ಅವನನ್ನು ದಿನವೂ ಪೀಡಿಸಿದ್ದವಳು ಅವಳೇ. ಮೇಸ್ತ್ರಿಯ ಪರವಾಗಿ ಮಾತ್ರ ಆ ದಿನ ಬಾಯಿ ಬಿಟ್ಟಿರಲಿಲ್ಲ.

೪

ಶಾನಭಾಗರು ಜಗಲಿಯಲ್ಲಿ ಕೂತು ವರದಿ ಬರೆದರು. ಮಾಬ್ಲೇಶ್ವರ ಪಕ್ಕದಲ್ಲಿ ನಿಂತು ತಗ್ಗಿದ ದನಿಯಲ್ಲಿ, "ಮರಳಿನ ಸಾಲೊಂದು ಬಿಟ್ರೆ ಆಗ್ತಿತ್ತು," ಎಂದ.

"ಅದೊಂದು ಬಿಟ್ರೆ ಉಳಿಯುದು ನನ್ನ ಸಹಿ ಮಾತ್ರ," ಎಂದು ಕಾಗದವನ್ನು ಪರಮೇಶ್ವರಿಯ ಕೈಗಿತ್ತು ಬಸ್ಸಿಗೆ ಹೊರಟರು.

೫

(ಇಲ್ಲಿ ಮೂರು ಮುಕ್ತಾಯ ಬರೆದಿದ್ದೆ.)

ಅ) ಮಾಬ್ಲೇಶ್ವರ ಕಣ್ಣೀರಿಟ್ಟು ಕ್ಷಮೆ ಕೇಳುತ್ತಾನೆ. "ನಾ ಹಾಂಗೆಲ್ಲ ಅಳ್ತ್ನಿಲ್ಲೆ," ಎಂದು ಅವನೇ ಹೊಡೆದು ಹಾಕಿದ.

ಆ) ಸಣ್ಣಮ್ಮ ಬಸಳೆಯ ಚಪ್ಪರದಡಿ ಕೂತು ಹಾಡುತ್ತಾಳೆ. "ನಿಮ್ಮ ಕಥೆ ಮುಗ್ಸೂಕೆ ನಾ ಪದ ಹೇಳ್ಬೇಕಾ? ಹೋಗ್ರಾ," ಎಂದಳು.

ಇ) ನಡೆದದ್ದು. ಪರಮೇಶ್ವರಿ ಹಿತ್ತಿಲಿಗೆ ಹೋಗಿ ಶುಕ್ರನನ್ನೂ ಸಣ್ಣಮ್ಮನನ್ನೂ ಕರೆದಳು. ಗಂಡನನ್ನೂ ಕರೆದಳು, ಅವನು ಬಾಗಿಲವರೆಗೆ ಬಂದ. ವರದಿಯನ್ನು ಗಟ್ಟಿಯಾಗಿ ಓದಿದಳು. 'ಅವಸರದಲ್ಲಿ ತೊಳೆಯದ ಮರಳು' ಎಂಬಲ್ಲಿಗೆ ಬಂದು ಕಾಗದ ತಗ್ಗಿಸಿದಳು.

"ಅವಸರ ಮಾಡಿದ್ದು ಇವ್ರೊಬ್ರೇ ಅಲ್ಲ, ನಾನೂ ಹೌದು," ಎಂದಳು. ಅದು ಕಾಗದದಲ್ಲಿ ಇರಲಿಲ್ಲ.

ಮಾಬ್ಲೇಶ್ವರ ಒಳಗೆ ಹೋದ.

"ಇನ್ನೊಂದ್ಸಲ ಓದ್ರಾ," ಎಂದಳು ಸಣ್ಣಮ್ಮ. "ದೊಡ್ಡಕ್ಕೆ."

ಪರಮೇಶ್ವರಿ ಇನ್ನೂ ಗಟ್ಟಿಯಾಗಿ ಓದಿದಳು.

೬

ಜಾಗ ಬಿಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ತಪ್ಪಾಯಿತು ಎಂದೂ ಯಾರೂ ಅನ್ನಲಿಲ್ಲ. ಯುಗಾದಿ ಕಳೆದ ಮೇಲೆ ಹಳೆಯ ಗಾರೆ ಕೆರೆಸಿ ಹೊಸತು ಮಾಡಿಸಿದರು, ಬೇರೆಯವನ ಕೈಯಲ್ಲಿ. ಶ್ರೀಮತಿಯ ಕೆಮ್ಮು ಕಡಿಮೆಯಾಯಿತು. ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನ, ಪತ್ರಿಕೆಯವರೂ ಇಷ್ಟಪಡುತ್ತಾರೆ.

ಆದರೆ ಗಾರೆ ಒಣಗಿದ ವಾರವೇ ಸಣ್ಣಮ್ಮ ತನ್ನ ಬಚ್ಚಲಿನ ಕಲ್ಲುಗಳನ್ನು ಕಿತ್ತು, ಇನ್ನೂ ಹತ್ತು ಮಾರು ಆಚೆ, ಬೇಲಿಗೆ ತಾಗಿ ಹಾಕಿಕೊಂಡಳು. ಪರಮೇಶ್ವರಿ ಓಡಿ ಬಂದು, "ಎಂತಕ್ಕೆ ಸಣ್ಣಮ್ಮ? ನಿನ್ನ ತಪ್ಪಲ್ಲ ಹೇಳಿ ಬರ್ದು ಕೊಟ್ಟಿದ್ರಲೇ!" ಎಂದಳು.

ಸಣ್ಣಮ್ಮ ಕೊನೆಯ ಕಲ್ಲನ್ನು ಅಲುಗದಂತೆ ಕೂರಿಸುತ್ತಿದ್ದಳು. ನಾನೂ ಕೇಳಿದೆ, ಎರಡು ಡ್ರಾಫ್ಟುಗಳಲ್ಲಿ. ಹೇಳಲಿಲ್ಲ. ನಿಮಗೇನಾದರೂ ಹೊಳೆದರೆ ಅವಳ ಬಾಯಲ್ಲಿ ಹಾಕಬೇಡಿ.