ವಾಪಸ್ ಬಾರದ ಕಾದಂಬರಿ

ಹದಿಹರೆಯದವರಿಗಾಗಿ ಒಂದೇ ಕಾದಂಬರಿಯ ಹತ್ತು ಪ್ರತಿ ಕೊಳ್ಳಬೇಕಿತ್ತು. ಯಾವುದೆಂದು ತೀರ್ಮಾನಿಸಲು, ಶಾಲೆಯ ಗ್ರಂಥಪಾಲಕಿಯಾದ ನಾನು ಎರಡು ಕಾದಂಬರಿಗಳ ಎರವಲು ಕಾರ್ಡುಗಳನ್ನು ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಟ್ಟೆ. ಒಂದು ಈಜು ಸ್ಪರ್ಧೆ ಗೆಲ್ಲುವ ಹುಡುಗಿಯ ಕಥೆ. ಇನ್ನೊಂದು ಅಮ್ಮನ ಜೊತೆ ವರ್ಷವಿಡೀ ಮಾತು ಬಿಟ್ಟ ಹುಡುಗಿಯದು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದರು ಮೇಡಂ. "ಈಜೋ ಹುಡುಗಿ ಮೂವತ್ತೊಂದು ಸಲ ಹೋಗಿದಾಳೆ. ಮಾತು ಬಿಟ್ಟವಳು ಬರೀ ಮೂರು ಸಲ."

ನನಗೆ ಮೈ ಉರಿಯಿತು. ಹದಿನೆಂಟು ವರ್ಷದಿಂದ ಈ ಕಾರ್ಡುಗಳನ್ನು ಬರೆಯುತ್ತಿರುವವಳು ನಾನು.

"ಹೋದ ತಾರೀಖು ಮಾತ್ರ ನೋಡ್ತಿದೀರಿ ಮೇಡಂ, ಬಂದ ತಾರೀಖೂ ನೋಡಿ. ಈಜೋ ಹುಡುಗಿ ಪ್ರತಿ ಸಲ ಮಾರನೇ ದಿನಾನೇ ಬಂದಿದಾಳೆ. ಹಿಂದಿನ ರಟ್ಟಿನ ಮೇಲಿರೋ ನಾಲ್ಕು ಸಾಲು ಪ್ರಾಜೆಕ್ಟಿಗೆ ಬರ್ಕೊಂಡು ತಂದು ಬಿಸಾಕ್ತಾರೆ. ಇನ್ನೊಂದು ಮೊದಲು ಎರಡು ತಿಂಗಳು ಹೊರಗಿತ್ತು, ಆಮೇಲೆ ನಾಲ್ಕು ತಿಂಗಳು. ಮೂರನೇ ಸಲ ಹೋಗಿದ್ದು ಬಂದೇ ಇಲ್ಲ."

"ತಗೊಂಡು ಹೋದೋರನ್ನ ಕರೆಸಿ ಕೇಳೋಕಾಗಲ್ವಾ?"

ಹೇಳಬಾರದು ಅಂದುಕೊಂಡಿದ್ದೆ, ಆದರೆ ಬಾಯಿ ಸುಮ್ಮನಿರಲಿಲ್ಲ. "ಕೊನೇ ಹೆಸರು ನೀವೇ ಓದಿ ಮೇಡಂ."

ಅದು ಹತ್ತನೇ ತರಗತಿಯಲ್ಲಿದ್ದ ಅವರ ಮಗಳ ಹೆಸರು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪುಸ್ತಕ ಅವಳ ಹತ್ರ ಇಲ್ಲ," ಎಂದರು. "ಹೋದ ತಿಂಗಳು ನನ್ನ ದಿಂಬಿನ ಪಕ್ಕ ಇಟ್ಟು ಹೋದಳು. ಓದು ಅಂತಾನೂ ಹೇಳಲಿಲ್ಲ."