ಮಳೆ ಅಳೆದವನ ಮಣ್ಣು

ಕುಣಿಯಿಂದ ಮೇಲೆ ಹತ್ತಿದ ನಿಜಗುಣಪ್ಪ ಸಲಿಕೆಯನ್ನು ಬದಿಗೆಸೆದ. ಬೈಲಹೊಂಗಲದ ಕಡೆ ಮುಗಿಲು ಕಪ್ಪಾಗಿತ್ತು.

"ವೈನಿ, ತಡಾ ಬ್ಯಾಡ. ಎರಿ ಮಣ್ಣು, ಮಳಿ ಬಿತ್ತಂದ್ರ ಕುಣಿ ಕುಸೀತೈತಿ. ಅಣ್ಣನ್ನ ಈಗ ಮಣ್ಣ ಮಾಡೂಣು."

"ನೀಲಾ ರಾಮದುರ್ಗ ಬಿಟ್ಟಾಳಪಾ. ಇರಾಕಿ ಒಬ್ಬಾಕಿ ಮಗಳು. ಅಪ್ಪನ ಮಾರಿ ನೋಡ್ಲಿ," ಎಂದಳು ರಾಚವ್ವ.

ಅವಳ ಗಂಡ ಮಡಿವಾಳೆಪ್ಪನ ಹೆಣವನ್ನು ಲಿಂಗಾಯತರ ಪದ್ಧತಿಯಂತೆ ಹೊಲದ ಮನೆಯ ಕಟ್ಟೆಯ ಮೇಲೆ, ತಗಡಿನ ನೆರಳಲ್ಲಿ ಕೂರಿಸಿದ್ದರು. ಅವನ ಹೊಲದಲ್ಲಿ ಎರಡು ಮಳೆಗಾಲದಿಂದ ಒಂದು ಲಾರಿ ನಿಂತಿತ್ತು, ಬೆನ್ನ ಮೇಲೆ ದೊಡ್ಡ ಬೋಗುಣಿಯಂಥ ರಡಾರ್ ಹೊತ್ತುಕೊಂಡು. ಮೋಡದ ಹೊಟ್ಟೆಯೊಳಗೆ ಏನಿದೆಯೆಂದು ನೋಡುವ ಕೆಲಸ ಅದರದು. ಅದರ ವಿಜ್ಞಾನಿ ಅನ್ನಪೂರ್ಣಾ ಬೆಳಿಗ್ಗೆಯಿಂದ ರಾಚವ್ವನ ಪಕ್ಕದಲ್ಲೇ ಇದ್ದಳು.

"ನೀ ಹೇಳವ್ವಾ, ನಿನ್ನ ಗಾಡಿ ಏನಂತೈತಿ?" ಎಂದು ರಾಚವ್ವ ಅವಳನ್ನು ಕೇಳಿದಳು.

ಅನ್ನಪೂರ್ಣಾ ಲಾರಿ ಹತ್ತಿ ಪರದೆ ನೋಡಿದಳು. ಮಳೆ ಬರುವುದಿಲ್ಲ ಎಂದುಬಿಟ್ಟರೆ ಮುದುಕಿಗೆ ಸಮಾಧಾನ. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು.

*

ರಡಾರ್ ಕಂಡ ಮಳೆಯನ್ನು ನೆಲಕ್ಕೆ ಬಿದ್ದ ಮಳೆಯೊಡನೆ ತಾಳೆ ನೋಡಬೇಕು. ಅದಕ್ಕೆಂದು ಹೋದ ವರ್ಷ ಮಡಿವಾಳೆಪ್ಪನಿಗೆ ಮಳೆಮಾಪಕ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯುವುದು. ಜುಲೈಯಲ್ಲಿ ಒಂಬತ್ತು ದಿನ ರಡಾರಿಗೆ ಒಂದು ಹನಿಯೂ ಕಾಣಲಿಲ್ಲ. ಮಡಿವಾಳೆಪ್ಪನ ವಹಿಯಲ್ಲಿ ಮಾತ್ರ ಮೂರು ಮಿಲಿಮೀಟರ್, ನಾಲ್ಕು ಮಿಲಿಮೀಟರ್! ಯಂತ್ರ ಕೆಟ್ಟಿದೆಯೆಂದು ಅನ್ನಪೂರ್ಣಾ ಎರಡು ದಿನ ಬಿಚ್ಚಿ ಕೂಡಿಸಿದಳು.

ಕೊನೆಗೆ ಅವನೇ ತಲೆ ಕೆರೆದುಕೊಂಡ. "ಅಷ್ಟು ದೂರದಿಂದ ಬಂದೀರಿ ಮೇಡಂರ. ದಿನಾ ಸೊನ್ನಿ ಹೆಂಗ ಕೊಡ್ಲಿ? ನಮ್ಮ ಮನ್ಯಾಗ ಬಂದಾವ್ರನ್ನ ಬರಿಗೈಲೆ ಕಳಸೂದಿಲ್ರಿ."

ಸಿಟ್ಟು ಬರಬೇಕಾದಲ್ಲಿ ಅವಳಿಗೆ ನಗು ಬಂತು. "ಕಾಕಾರ, ಸುಳ್ಳ ಮಳಿಗಿಂತ ಖರೇ ಸೊನ್ನಿ ಚಲೋರಿ."

ಮರುದಿನದಿಂದ ಸೊನ್ನೆಯೇ ಬಂತು. ಬರಿಗೈ ಆಗಬಾರದಲ್ಲ, ಜೊತೆಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಮಳೆ ಕೈಕೊಟ್ಟ ದಿನಗಳಲ್ಲೇ ಲಾರಿಯವರು ಹೊಟ್ಟೆ ತುಂಬ ಉಂಡರು.

*

ಅನ್ನಪೂರ್ಣಾ ಲಾರಿಯಿಂದ ಇಳಿದು ಬಂದಳು. "ಕಾಕು, ಮಳಿ ಬರಾಕತ್ತೈತಿ. ಹತ್ತು ನಿಮಿಷದಾಗ, ಜೋರ. ಆದ್ರ ಅರ್ಧಾ ತಾಸಿನಾಗ ದಾಟ್ತೈತಿ. ಅದರ ಹಿಂದ ಸಂಜೀತನಾ ಏನೂ ಇಲ್ಲ. ಕುಣಿ ಮುಚ್ಚಿ ಹಿಡದ್ರ ನೀಲಾನ ಹಾದಿ ನೋಡಬಹುದು."

"ಖರೇನ?" ಎಂದ ನಿಜಗುಣಪ್ಪ.

"ಕಾಕಾರ ಮುಂದ ಕುಂತಾರ. ಸುಳ್ಳ ಹೇಳ್ಲೇನ್ರಿ?"

ನಿಜಗುಣಪ್ಪ ಕುಣಿಯ ಕಡೆ ನಡೆದ. ಲಾರಿಯ ತಾಡಪತ್ರಿ ಬಂತು. ಕುಣಿಯ ಮೇಲೆ ಅದರ ಎರಡು ಮೂಲೆ ಲಾರಿಯವರು ಹಿಡಿದರು, ಒಂದು ಅವನು, ಒಂದು ಅನ್ನಪೂರ್ಣಾ. ಮಳೆ ಹೇಳಿದ ಹೊತ್ತಿಗೆ ಬಂದು ಸುರಿಯಿತು. ನಾಲ್ವರೂ ತೊಯ್ದು ತೊಪ್ಪೆಯಾದರು, ಕೈ ಮಾತ್ರ ಇಳಿಸಲಿಲ್ಲ.

ಬಿಸಿಲು ಬಿದ್ದ ಮೇಲೆ ನಿಜಗುಣಪ್ಪ ಕುಣಿಗಿಳಿದು ತಳ ಮುಟ್ಟಿದ.

"ಒಣಗೇ ಐತ್ರಿ. ನಿಮ್ಮ ಉಪಕಾರ ಮರಿಯಾಂಗಿಲ್ಲ."

"ಎರಡು ಮಳಿಗಾಲ ಅವರ ರೊಟ್ಟಿ ತಿಂದೇನಿ," ಎಂದಳು ಅನ್ನಪೂರ್ಣಾ.

ಆಗ ನೀಲಾ ಬಂದಳು. ಚಪ್ಪಲಿ ದಾರಿಯ ಕೆಸರಲ್ಲೇ ಬಿಟ್ಟು, ಮೊಣಕಾಲುದ್ದ ಮಣ್ಣು ಮೆತ್ತಿಕೊಂಡು ಓಡಿ ಬಂದು ಅಪ್ಪನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ಒದ್ದೆ ಕೂದಲಿನಿಂದ ಮಳೆಯ ನೀರು ಅವನ ಹಣೆಯ ವಿಭೂತಿಯ ಮೇಲೆ ತೊಟ್ಟಿಕ್ಕಿತು. ಒರೆಸಲು ಸೆರಗೆತ್ತಿದ ರಾಚವ್ವ ಒರೆಸದೆ ಹಾಗೇ ಕೈ ಇಳಿಸಿದಳು.